ರುಚಿ ನೋಡುವವಳ ಹಂಗಾಮು

ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಹಿಂಭಾಗದಲ್ಲಿ, ತೌಡಿನ ಕೋಣೆಗೂ ಗೋದಾಮಿಗೂ ನಡುವೆ, ನನಗೊಂದು ಚಿಕ್ಕ ಅಡುಗೆಮನೆ ಇತ್ತು. ಅಲ್ಲಿ ಮಾಡುವ ಅನ್ನ ಯಾರ ಊಟಕ್ಕೂ ಅಲ್ಲ. ಗೋದಾಮಿನಲ್ಲಿದ್ದ ಒಂದೊಂದು ರಾಶಿಯ ಅಕ್ಕಿಯನ್ನೂ ಬೇಯಿಸಿ, ಮೂಸಿ, ಅಗಿದು, ಅದು ಮಾರಾಟಕ್ಕೆ ಹೊರಡಬಹುದೋ ಇನ್ನಷ್ಟು ಕಾಲ ಹಳೆಯದಾಗಬೇಕೋ ಎಂದು ಹೇಳುವುದು ನನ್ನ ಕೆಲಸವಾಗಿತ್ತು.

ಅದಕ್ಕೂ ಮೊದಲು ನನ್ನ ಪರೀಕ್ಷೆ ಬಹಳಮಟ್ಟಿಗೆ ಕಣ್ಣಿನದು. ಚೀಲಗಳಿಗೆ ಕೊಳವೆ ಚುಚ್ಚಿ ಮಾದರಿ ತೆಗೆಯುವುದು, ಕಪ್ಪು ತಟ್ಟೆಯ ಮೇಲೆ ಹರಡಿ ನುಚ್ಚು ಬೇರೆ ಮಾಡುವುದು, ಹೊಟ್ಟೆಯಲ್ಲಿ ಸುಣ್ಣದಂಥ ಬಿಳಿ ಇರುವ ಕಾಳು ಹೆಕ್ಕುವುದು, ಯಂತ್ರಕ್ಕೆ ಹಾಕಿ ತೇವಾಂಶ ನೋಡುವುದು. ಆ ವರ್ಷ ಗಿರಣಿಯ ಮಾಲೀಕರು ಹಳೆ ಅಕ್ಕಿಯನ್ನು ತಮ್ಮದೇ ಹೆಸರಿನ ಸಣ್ಣ ಚೀಲಗಳಲ್ಲಿ ಮಾರಲು ಹೊರಟರು. ಕಣ್ಣಿಗೆ ಚೆಂದ ಕಂಡರೆ ಸಾಲದು, ತಟ್ಟೆಯಲ್ಲಿ ಅನ್ನ ಉದುರುದುರಾಗಿ ಬೀಳಬೇಕು ಎಂಬುದು ಅವರ ಹಟ. ಹೀಗಾಗಿ ಸುಗ್ಗಿ ಮುಗಿದು ಗೋದಾಮು ತುಂಬುತ್ತಿದ್ದಂತೆ ನನ್ನ ದಿನವೆಲ್ಲ ಒಲೆಯ ಮುಂದೆ ಕಳೆಯತೊಡಗಿತು.

ಒಂದೇ ಅಳತೆಯ ಪಾತ್ರೆಗಳು, ಅಳೆದು ಹಾಕಿದ ನೀರು. ಬೆಂದಿತೆನ್ನಿಸಿದಾಗ ಒಂದು ಅಗಳನ್ನು ಎರಡು ಬೆರಳ ನಡುವೆ ಒತ್ತಬೇಕು. ನಡುವೆ ಬಿಳಿಯ ಚುಕ್ಕೆ ಉಳಿದಿದ್ದರೆ ಇನ್ನೂ ಬೇಯಬೇಕು. ಇಳಿಸಿ, ಮುಚ್ಚಿಟ್ಟು, ಮುಚ್ಚಳ ತೆಗೆದ ಕೂಡಲೇ ಬರುವ ಮೊದಲ ಹಬೆಯನ್ನು ಮೂಸಬೇಕು. ಆಮೇಲೆ ಒಂದು ತುತ್ತು. ಹೊಸ ಅಕ್ಕಿ ನಾಲಿಗೆಗೆ ಅಂಟುತ್ತದೆ, ಹಾಲಿನಂಥ ಸಿಹಿ ಇರುತ್ತದೆ. ಹಳೆಯದು ಬಿಡಿಬಿಡಿಯಾಗಿ ಒಡೆಯುತ್ತದೆ. ಬೆಚ್ಚನೆಯ ನೀರಿನಿಂದ ಬಾಯಿ ತೊಳೆದುಕೊಂಡು ಮುಂದಿನ ಪಾತ್ರೆ.

ಈ ಕೆಲಸ ನನಗೆ ಇಷ್ಟವಾಗಿತ್ತು. ಒಂದು ಕಾಲದಲ್ಲಿ ಅನ್ನವೆಂದರೆ ಹೆದರುತ್ತಿದ್ದವಳು ನಾನು. ಅನ್ನ ತಿಂದು ನಿರ್ಣಯ ಹೇಳುವ ಕುರ್ಚಿಯಲ್ಲಿ ಕೂತಿದ್ದೇನೆ ಎಂಬ ಸಂತೋಷ ಒಳಗೊಳಗೇ ಇತ್ತು.

ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದುತ್ತಾ ಹಾಸ್ಟೆಲಿನಲ್ಲಿದ್ದಾಗ ನನಗೆ ಬುಲಿಮಿಯಾ ಎಂಬ ಕಾಯಿಲೆ ಇತ್ತು. ಮನಸ್ಸಿಗೆ ಕಡಿವಾಣವೇ ಸಿಗದಂತೆ ತಿನ್ನುವುದು, ತಿಂದದ್ದರ ಭಯಕ್ಕೆ ಅದನ್ನು ಹೊರಹಾಕುವುದು, ಆಮೇಲೆ ನಾಚಿಕೆ, ಆ ನಾಚಿಕೆಗೆ ಉಪವಾಸ, ಉಪವಾಸದ ಹಸಿವಿಗೆ ಮತ್ತೆ ತಿನ್ನುವುದು. ಆಗ ನನ್ನನ್ನು ವೈದ್ಯರ ಬಳಿಗೆ ಎಳೆದುಕೊಂಡು ಹೋದವಳು ಕೋಣೆಯ ಗೆಳತಿ. ಊಟವಾದ ಮೇಲಿನ ಹೊತ್ತೇ ನನಗೆ ಅಪಾಯದ್ದು ಎಂದು ತಿಳಿದಾಗಿನಿಂದ ಅವಳು ದಿನವೂ ಊಟ ಮುಗಿಸಿ ನನ್ನನ್ನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ತನ್ನ ಗಣಿತದ ಲೆಕ್ಕ ಬಿಡಿಸುತ್ತಿದ್ದಳು. ಉಪದೇಶ ಮಾಡುತ್ತಿರಲಿಲ್ಲ. ನಡುನಡುವೆ ತಲೆಯೆತ್ತದೆ, "ಅದೀಯಲ್ಲಲೇ?" ಎನ್ನುತ್ತಿದ್ದಳು. "ಅದೀನಿ" ಎನ್ನುತ್ತಿದ್ದೆ. ಅಷ್ಟೇ. ನಾನು ಗುಣವಾದೆ. ಅವಳಿಗೆ ಕುರುಗೋಡಿನ ಪ್ರೌಢಶಾಲೆಯಲ್ಲಿ ಕೆಲಸ ಸಿಕ್ಕಿತು, ನನಗೆ ಮದುವೆಯಾಗಿ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಮನೆಯಾಯಿತು. ಫೋನುಗಳು ವಿರಳವಾದವು, ಆಮೇಲೆ ಹಬ್ಬದ ಶುಭಾಶಯವೂ ನಿಂತಿತು.

ಕಾಯಿಲೆ ಮರಳಿದ್ದು ಸದ್ದಿಲ್ಲದೆ. ಬಂಧುಗಳ ಮನೆಯ ನಾಮಕರಣವೊಂದರಲ್ಲಿ ಯಾರೋ ನಗುತ್ತ, "ಗಿರಣಿ ಅನ್ನ ಮೈಗೆ ಹತ್ತೈತಿ ಬಿಡು" ಎಂದರು. ಮಾರನೆಯ ದಿನದಿಂದ ಮಧ್ಯಾಹ್ನದ ಡಬ್ಬಿ ತೆರೆಯುವುದನ್ನು ಬಿಟ್ಟೆ. ಬೆಳಿಗ್ಗೆಯಿಂದ ರುಚಿ ನೋಡಿದ್ದೇ ಊಟವಾಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತು ಎಷ್ಟು ಸಮಂಜಸವಾಗಿ ಕೇಳಿಸುತ್ತಿತ್ತೆಂದರೆ ಅದರ ಹಿಂದಿನ ಹಳೆಯ ದನಿ ನನಗೆ ಗುರುತು ಹತ್ತಲಿಲ್ಲ. ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಪರೀಕ್ಷೆ ಮುಗಿದು ಆರಿದ ಅನ್ನದ ಪಾತ್ರೆಗಳ ಮುಂದೆ ನಾನೊಬ್ಬಳೇ ಇದ್ದೆ. ಉಪ್ಪಿಲ್ಲ, ಸಾರಿಲ್ಲ. ಬರೀ ಅನ್ನ. ಪಾತ್ರೆ ಖಾಲಿಯಾಗಿತ್ತೆಂದು ತಿಳಿದದ್ದು ಕೈಗೆ ತಳ ತಗುಲಿದಾಗ. ಆಮೇಲೆ ನಡೆದದ್ದು ವರ್ಷಗಳ ಹಿಂದೆ ನಡೆಯುತ್ತಿದ್ದದ್ದೇ.

ಇನ್ನೆಂದೂ ಇಲ್ಲ ಎಂದುಕೊಂಡೆ. ವಾರ ತುಂಬುವುದರೊಳಗೆ ಮತ್ತೆ ನಡೆಯಿತು.

ನನ್ನ ಸಹಾಯಕ್ಕೆ ರಾರಾವಿ ಕಡೆಯ ಒಬ್ಬ ಅಕ್ಕ ಬರುತ್ತಿದ್ದಳು. ಪಾತ್ರೆ ತೊಳೆಯುವುದು, ನೀರು ಅಳೆಯುವುದು, ಒಲೆ ನೋಡಿಕೊಳ್ಳುವುದು ಅವಳ ಪಾಲು. ಗಿರಣಿಯ ಸದ್ದನ್ನೂ ಮೀರಿಸಿ ಮಾತಾಡುವ ಹೆಂಗಸು. ಒಂದು ದಿನ ನಾನು ವಾಂತಿ ಮಾಡಿ ಹಿತ್ತಲಿನ ಬಚ್ಚಲಿನಿಂದ ಹೊರಬಂದಾಗ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದಳು. ಮುಖವೆಲ್ಲ ನಗು. ಮೊದಲ ಸಲ ಅವಳು ಪಿಸುಮಾತಿನಲ್ಲಿ ಕೇಳಿದ್ದು ಆವತ್ತೇ:

"ಎಷ್ಟ್ರಾಗ ಅದೀರಿ ಮೇಡಂ?"

ಎಷ್ಟನೇ ತಿಂಗಳು ಎಂದು ಕೇಳುತ್ತಿದ್ದಾಳೆ ಎಂದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಾನು ಇಲ್ಲ ಎನ್ನಬೇಕಿತ್ತು. ಮದುವೆಯಾಗಿ ವರ್ಷಗಳಾದರೂ ನಮಗೆ ಮಕ್ಕಳಿರಲಿಲ್ಲ. ಆ ಹೆಂಗಸಿನ ಮುಖದಲ್ಲಿದ್ದ ಬೆಳಕನ್ನು ನೋಡುತ್ತ, ಅವಳು ತಿಳಿದದ್ದೇ ನಿಜವಾಗಿರಬಾರದೇ ಎಂದು ಎಷ್ಟು ಆಸೆಯಾಯಿತೆಂದರೆ, ಬಾಯಿ ಬಿಡಲಿಲ್ಲ. ನನ್ನ ಮೌನವನ್ನು ಅವಳು ಹೌದು ಎಂದುಕೊಂಡಳು.

"ನಾ ಯಾರಿಗೂ ಹೇಳೂದಿಲ್ಲ ಬಿಡ್ರಿ. ಮೂರು ತುಂಬೂತನಕ ಹೇಳಬಾರದು" ಎಂದಳು.

ಮರುದಿನದಿಂದ ಉಪ್ಪು ಹಚ್ಚಿದ ಹುಣಸೆಕಾಯಿ ಬಂತು. ಭಾರದ ಪಾತ್ರೆಗಳನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಊಟದ ಬಿಡುವಿನಲ್ಲಿ ಹಳೆ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿಯತೊಡಗಿದಳು. ಚಿಕ್ಕ ಕೌದಿ. ಒಂದು ಕೂಸಿಗೆ ಹೊದಿಸುವಷ್ಟು. ಅದನ್ನು ನೋಡಿದ ದಿನ ನನಗೆ ಕಾಯಿಲೆ ಇನ್ನೂ ಜೋರಾಯಿತು.

ಒಬ್ಬಳೇ ನಿಲ್ಲಿಸಲು ಪ್ರಯತ್ನಪಟ್ಟೆ. ಅನ್ನ ಆರುವ ಮೊದಲೇ ಪಾತ್ರೆಗಳನ್ನು ಹಮಾಲರ ಕಡೆಗೆ ಕಳಿಸಿದೆ. ಬಿಡುವಿನಲ್ಲಿ ಅಂಗಳದಲ್ಲಿ ತಿರುಗಾಡಿದೆ. ಬೈಗುಳದಿಂದ ಹಿಡಿದು ಹರಕೆಯವರೆಗೆ ಎಲ್ಲವನ್ನೂ ನನ್ನ ಮೇಲೆ ಪ್ರಯೋಗಿಸಿದೆ. ಎರಡು ದಿನ ಗೆದ್ದರೆ ಮೂರನೆಯ ದಿನ ಸಿರುಗುಪ್ಪ ಬಸ್ ನಿಲ್ದಾಣದ ಅಂಗಡಿಯಲ್ಲೋ, ಬಳ್ಳಾರಿಯಲ್ಲಿ ಮನೆಯ ಅಡುಗೆಮನೆಯಲ್ಲೋ ಸೋಲುತ್ತಿದ್ದೆ. ಗಂಡನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಅವರು ಬರುವಾಗ ನಾನು ಹೊರಡುತ್ತಿದ್ದೆ. ನನ್ನ ಹಳೆಯ ಕಾಯಿಲೆಯ ವಿಷಯ ಅವರಿಗೆ ತಿಳಿದಿರಲಿಲ್ಲ.

ಗಿರಣಿಗೂ ಮನೆಗೂ ದಿನವೂ ಓಡಾಡುವ ಬಸ್ಸಿನಲ್ಲಿ ಕೂತಾಗ ಗೆಳತಿಯ ಹೆಸರನ್ನು ಫೋನಿನಲ್ಲಿ ತೆರೆದು ನೋಡುತ್ತಿದ್ದೆ. ಒತ್ತುತ್ತಿರಲಿಲ್ಲ. ನಾನು ಗುಣವಾದವಳು ಎಂಬ ಚಿತ್ರ ಈ ಲೋಕದಲ್ಲಿ ಇದ್ದದ್ದು ಅವಳೊಬ್ಬಳ ಬಳಿ. ಅದನ್ನು ಕೆಡಿಸಲು ಮನಸ್ಸಾಗುತ್ತಿರಲಿಲ್ಲ. ಆದರೆ ಆ ಮೆಟ್ಟಿಲು, ಆ ಪೆನ್ಸಿಲಿನ ಸದ್ದು, ತಲೆಯೆತ್ತದೆ ಕೇಳುವ ಆ ಒಂದು ಮಾತು ಬೇಕೆನಿಸಿ, ತೆಕ್ಕಲಕೋಟೆ ದಾಟುವಷ್ಟರಲ್ಲಿ ಕಣ್ಣು ತುಂಬಿರುತ್ತಿತ್ತು.

ಈ ನಡುವೆ ವಾಂತಿಯ ಹುಳಿಗೆ ಗಂಟಲು ಸದಾ ಉರಿಯತೊಡಗಿತು, ಬಿಸಿ ನೀರು ತಾಗಿದರೆ ಹಲ್ಲು ಜುಂ ಎನ್ನುತ್ತಿತ್ತು. ಒಂದು ಬೆಳಿಗ್ಗೆ ಮಾಲೀಕರು ಎರಡು ಮಾದರಿ ಕಳಿಸಿದರು. ಒಂದು ನಮ್ಮ ಗೋದಾಮಿನದು. ಇನ್ನೊಂದು ಹೊರಗಿನ ವ್ಯಾಪಾರಿಯೊಬ್ಬ ಹಳೆಯದೆಂದು ತಂದ ಅಕ್ಕಿ. ಎರಡನ್ನೂ ಬೆರೆಸಿ ಚೀಲ ತುಂಬಿಸಬಹುದೇ ಎಂದು ಹೇಳಬೇಕಿತ್ತು. ಲಾರಿ ಆಗಲೇ ಅಂಗಳದಲ್ಲಿತ್ತು.

ಬೇಯಿಸಿದೆ. ಮೂಸಿದೆ. ಒಂದು ತುತ್ತು ಬಾಯಿಗಿಟ್ಟೆ. ಏನೂ ತಿಳಿಯಲಿಲ್ಲ. ಬಾಯಿ ತೊಳೆದು ಇನ್ನೊಂದನ್ನು ನೋಡಿದೆ. ಎರಡೂ ಒದ್ದೆ ಹತ್ತಿಯಂತಿದ್ದವು. ಮತ್ತೆ ಹೊಸದಾಗಿ ಎಸರಿಟ್ಟೆ. ರಾರಾವಿಯ ಅಕ್ಕ, "ಯಾಕ್ರಿ, ಮತ್ತೊಮ್ಮೆ?" ಎಂದಳು. ಎರಡನೆಯ ಸಲವೂ ಅದೇ. ಕಣ್ಣಂದಾಜಿನಲ್ಲಿ ಹೇಳಿಬಿಡಬಹುದಿತ್ತು. ಬಣ್ಣ ನೋಡಿದರೆ ಹಳೆಯದೇ ಅನ್ನಿಸುತ್ತಿತ್ತು. ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಆದರೆ ನನ್ನ ಬಳಿ ಸುಳ್ಳಾಗದೆ ಉಳಿದಿದ್ದದ್ದು ಆ ನಾಲಿಗೆಯೊಂದೇ. ಅದರ ಹೆಸರಿನಲ್ಲೂ ಸುಳ್ಳು ಹೇಳಿದರೆ ಮುಂದೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ ಎನ್ನಿಸಿತು. ತಟ್ಟೆಗಳನ್ನು ಎತ್ತಿಕೊಂಡು ಮಾಲೀಕರ ಕೋಣೆಗೆ ಹೋದೆ.

"ಸರ್, ನನಗ ರುಚಿ ತಿಳೀವಲ್ದು."

ಅವರು ಕನ್ನಡಕ ತೆಗೆದರು. "ಜ್ವರ ಏನಮ್ಮಾ?"

"ಅಲ್ರಿ. ಬ್ಯಾರೆ ಕಾಯಿಲಿ. ಹಳೇದು. ತಿರುಗಿ ಬಂದೈತಿ. ಅದು ವಾಸಿ ಆಗೂತನಕ ನಾ ಹೇಳಿದ್ದು ನಂಬಬ್ಯಾಡ್ರಿ."

ಅವರು ಕಿಟಕಿಯಾಚೆ ಲಾರಿಯನ್ನು ನೋಡಿದರು. ತೆಲುಗಿನಲ್ಲಿ ತಮಗೆ ತಾವೇ ಏನೋ ಗೊಣಗಿಕೊಂಡರು. ಸಿಟ್ಟಾಗಿದ್ದರೆಂಬುದು ಗೊತ್ತಾಗುತ್ತಿತ್ತು. ಕೊನೆಗೆ, "ಲಾರಿ ನಿಂದ್ರಲಿ. ನೀವು ಹೋಗಿ ತೋರಿಸ್ಕೊಂಡು ಬರ್ರಿ. ಆದ್ರ ಬೇಗ ಬರ್ಬೇಕಮ್ಮಾ" ಎಂದರು.

ಬಳ್ಳಾರಿಗೆ ಬಂದಿಳಿದೆ. ಮನೆಯ ಕಡೆಗೆ ಆಟೋ ಹತ್ತಬೇಕಾದವಳು ಕುರುಗೋಡಿನ ಬಸ್ಸು ಹತ್ತಿದೆ. ಯೋಚಿಸಿದ್ದರೆ ಹತ್ತುತ್ತಿರಲಿಲ್ಲ. ಹೊರಗೆ ಮೆಣಸಿನಕಾಯಿಯ ಹೊಲಗಳು, ಕಪ್ಪು ಮಣ್ಣು, ಆಮೇಲೆ ಬಂಡೆ ಮೇಲೆ ಬಂಡೆ ಪೇರಿಸಿದಂಥ ಗುಡ್ಡ. ಅವಳು ಏನೆನ್ನುತ್ತಾಳೋ ಎಂಬ ಭಯಕ್ಕಿಂತ, ಅವಳು ಇವತ್ತು ಶಾಲೆಗೆ ಬಂದಿರದಿದ್ದರೆ ಎಂಬ ಭಯವೇ ದೊಡ್ಡದಾಗಿತ್ತು.

ಬಂದಿದ್ದಳು. ಊಟದ ಬಿಡುವಿನ ಗದ್ದಲದಲ್ಲಿ ಕೈಗೆಲ್ಲ ಸೀಮೆಸುಣ್ಣ ಮಾಡಿಕೊಂಡು ವರಾಂಡದಲ್ಲಿ ನಿಂತಿದ್ದಳು. ನನ್ನನ್ನು ನೋಡಿ ನಗಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಹತ್ತಿರ ಬಂದು ಮುಖ ನೋಡಿದಳು.

"ಮತ್ತ ಶುರು ಆಗೈತಿ, ಹೌದಿಲ್ಲೋ?"

ನಾನು ತಲೆಯಾಡಿಸಿದೆ. ಅಷ್ಟು ವರ್ಷಗಳ ನಂತರ ನಮ್ಮ ಮೊದಲ ಮಾತು ಅದು.

ಮಧ್ಯಾಹ್ನದ ತರಗತಿಯನ್ನು ಇನ್ನೊಬ್ಬ ಶಿಕ್ಷಕಿಗೆ ಒಪ್ಪಿಸಿ, ಶಾಲೆಯ ಹಿಂದಿನ ಬೀದಿಯಲ್ಲಿದ್ದ ತನ್ನ ಮನೆಗೆ ಕರೆದುಕೊಂಡು ಹೋದಳು. ರೊಟ್ಟಿ, ಪುಂಡಿಪಲ್ಯ ಎರಡು ತಟ್ಟೆಗೆ ಹಾಕಿದಳು. "ಉಣ್ಣಂತ ಹೇಳೂದಿಲ್ಲ. ಬಾಜೂ ಕುಂದ್ರು ಅಷ್ಟ" ಎಂದಳು. ಒಂದು ರೊಟ್ಟಿ ತಿಂದೆ. ಆಮೇಲೆ ಹೊಸ್ತಿಲ ಮೇಲೆ ಕೂತೆವು. ನಾನು ಎಲ್ಲವನ್ನೂ ಹೇಳಿದೆ. ಕೌದಿಯ ವಿಷಯವನ್ನೂ.

"ನೀ ಸಿಟ್ಟಾಗ್ತಿ ಅಂದ್ಕೊಂಡಿದ್ದೆ" ಎಂದೆ.

"ಸಿಟ್ಟ್ ಐತಿ. ಕಾಯಿಲಿ ಬಂತಂತಲ್ಲ. ಫೋನ್ ಮಾಡಲಿಲ್ಲಂತ." ನನ್ನ ಕಡೆಗೆ ತಿರುಗಿ ಕೂತಳು. "ಕೇಳಿಲ್ಲಿ. ಮೊದಲಿನಂಗ ದಿನಾ ನಿನ್ನ ಬಾಜೂ ಕುಂದ್ರಾಕ ನನಗ ಆಗೂದಿಲ್ಲಲೇ. ಸಾಲಿ ಐತಿ, ಎರಡು ಹುಡುಗ್ರು ಅದಾವ, ನಮ್ಮತ್ತಿ ಮೈಯಾಗ ಹುಷಾರಿಲ್ಲ. ಶನಿವಾರ ಡಾಕ್ಟರ್ ಕಡೆ ಜೋಡಿ ಬರ್ತೀನಿ. ಮಧ್ಯಾಹ್ನ ಫೋನ್ ಮಾಡ್ತೀನಿ. ಆದ್ರ ಸಿರುಗುಪ್ಪದಾಗ, ಉಣ್ಣೂ ಹೊತ್ತಿಗೆ, ನಿನ್ನ ಹತ್ರ ಯಾರ ಅದಾರ?"

ನಾನು ಬಂದದ್ದು ಆ ಮೆಟ್ಟಿಲಿಗಾಗಿ. ಅದು ಇನ್ನಿಲ್ಲ ಎಂದು ಅವಳು ಮೆತ್ತಗೆ, ಸುಳ್ಳು ಸಮಾಧಾನ ಬೆರೆಸದೆ ಹೇಳಿದ್ದಳು. ಅಳು ಬಂತು. ಅವಳು ಅಳಲು ಬಿಟ್ಟಳು. ಆಮೇಲೆ ಮತ್ತೆ ಅದೇ ಪ್ರಶ್ನೆ. "ಯಾರ ಅದಾರ?"

"ಆ ಅಕ್ಕ ಒಬ್ಬಾಕಿ ಅದಾಳ" ಎಂದೆ. "ಆಕಿಗೆ ಸುಳ್ಳು ಹೇಳೀನಲ್ಲ."

"ಹಂಗಾದ್ರ ಖರೇ ಹೇಳು."

ಗಂಡನಿಗೆ ಹೇಳಿದ್ದು ಆವತ್ತೇ ಸಂಜೆ, ಅವರು ಪಾಳಿಗೆ ಹೊರಡುವ ಮೊದಲು. ಅವರು ಬೂಟಿನ ದಾರ ಕಟ್ಟುವುದನ್ನು ನಿಲ್ಲಿಸಿ ಕೇಳಿದರು. "ಇಷ್ಟು ದಿನ ಒಬ್ಬಾಕೀನ ಹೊತ್ಕೊಂಡು ತಿರುಗಿದ್ಯಾ?" ಎಂದಷ್ಟೇ ಅಂದರು. ಮರುದಿನದಿಂದ ರಾತ್ರಿ ಪಾಳಿ ಮುಗಿಸಿ ಬಂದ ಮೇಲೆ, ನಿದ್ದೆ ತೂಗುತ್ತಿದ್ದರೂ, ನಾನು ಬಸ್ಸಿಗೆ ಹೊರಡುವ ಮುನ್ನ ಎದುರು ಕೂತು ನನ್ನೊಡನೆ ನಾಷ್ಟಾ ಮಾಡತೊಡಗಿದರು. ಉಪ್ಪಿಟ್ಟಿನ ತಟ್ಟೆಯ ಮೇಲೆ ತೂಕಡಿಸುತ್ತಿದ್ದ ಆ ಮುಖ ನನಗೆ ಹೊಸದಾಗಿ ಪರಿಚಯವಾದಂತಿತ್ತು.

ಶನಿವಾರ ಬಳ್ಳಾರಿಯಲ್ಲಿ ಗೆಳತಿ ನನ್ನ ಜೊತೆ ಮನೋವೈದ್ಯರ ಕೋಣೆಯ ಹೊರಗೆ ಕೂತಳು. ವೈದ್ಯರು ರಕ್ತ ಪರೀಕ್ಷೆ ಬರೆದರು. ಪದೇ ಪದೇ ವಾಂತಿಯಾದರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಹೃದಯಕ್ಕೇ ತೊಂದರೆಯಾಗಬಹುದು, ಅದನ್ನು ಮೊದಲು ನೋಡಬೇಕು ಎಂದರು. ದಂತವೈದ್ಯರಿಗೂ ಒಂದು ಚೀಟಿ ಕೊಟ್ಟರು. ಔಷಧಿಯ ಜೊತೆಗೆ, ವಾರವಾರ ಮಾತಾಡಲು ಒಬ್ಬ ಆಪ್ತಸಮಾಲೋಚಕಿಯನ್ನು ಗೊತ್ತುಮಾಡಿದರು. "ಈ ಕಾಯಿಲಿ ಒಮ್ಮೊಮ್ಮೆ ತಿರುಗಿ ಬರ್ತೈತಿ. ಬಂತಂದ್ರ ನೀವು ಮೊದಲು ಗುಣ ಆಗಿದ್ದು ಸುಳ್ಳಂತ ಅಲ್ಲ" ಎಂದರು. ಹೊತ್ತು ಹೊತ್ತಿಗೆ ಊಟ ಮಾಡಬೇಕು. ಏನಾದರೂ ಆದ ಮೇಲೂ ಮುಂದಿನ ಊಟ ಬಿಡಬಾರದು. ಅನ್ನದ ಜೊತೆ ಒಬ್ಬಳೇ ಕೋಣೆಯಲ್ಲಿರುವ ಕೆಲಸ ಸದ್ಯಕ್ಕೆ ಬೇಡ.

ಕೊನೆಯ ಮಾತು ಕಠಿಣವಾಗಿತ್ತು. ಮಾಲೀಕರ ಮುಂದೆ ಮತ್ತೆ ನಿಂತು, ಬೇಯಿಸಿದ ಅನ್ನದ ರುಚಿಯನ್ನು ಮೂರು ಜನ ಕೂಡಿ ನೋಡಲಿ, ಅಗಳಿನ ಉದ್ದ, ತೇವಾಂಶ, ನುಚ್ಚಿನ ಲೆಕ್ಕ ನಾನು ನೋಡಿಕೊಳ್ಳುತ್ತೇನೆ ಎಂದೆ. ಅವರು ಗೊಣಗಿದರು. ಒಬ್ಬರ ನಾಲಿಗೆಯಲ್ಲಿ ಮುಗಿಯುವ ಕೆಲಸಕ್ಕೆ ಮೂರು ಜನವೇಕೆ ಎಂದರು. ಆದರೆ ಒಪ್ಪಿದರು. ರಾರಾವಿಯ ಅಕ್ಕ, ಚೀಲ ಹೊಲಿಯುವ ವಿಭಾಗದ ಮೇಸ್ತ್ರಿ, ಮತ್ತೆ ಸ್ವತಃ ಮಾಲೀಕರು. ಮೊದಮೊದಲು ಅವರು ಮುಚ್ಚಳ ತೆಗೆಯುವಾಗ ನಾನು ಪಕ್ಕದ ಕೋಣೆಯಲ್ಲಿ ಕಾಳು ಎಣಿಸುತ್ತಿದ್ದೆ. ಗೋಡೆ ದಾಟಿ ಬರುತ್ತಿದ್ದ ಆ ಮೊದಲ ಹಬೆಗೆ ಎಣಿಕೆ ತಪ್ಪುತ್ತಿತ್ತು. ಅದು ಹಸಿವಲ್ಲ. ಕೈತಪ್ಪಿದ ಕೆಲಸದ ಮೇಲಿನ ಆಸೆ.

ಎಲ್ಲಕ್ಕಿಂತ ಕಷ್ಟದ್ದು ಅಕ್ಕನಿಗೆ ಹೇಳುವುದಾಗಿತ್ತು. ಕೌದಿಯ ಅಂಚು ಹೊಲಿಯುತ್ತ ಕೂತಿದ್ದವಳ ಎದುರಿಗೆ ನಾನೂ ನೆಲದ ಮೇಲೆ ಕೂತೆ.

"ಅಕ್ಕಾ, ನಾ ಬಸುರಿ ಅಲ್ಲ."

ಸೂಜಿ ನಿಂತಿತು. "ಹೋತೇನ್ರಿ?" ಎಂದಳು. ಗರ್ಭ ಇಳಿದುಹೋಯಿತೇ ಎಂಬ ಗಾಬರಿ ಅವಳ ಕಣ್ಣಲ್ಲಿತ್ತು. ಹೌದು ಎಂದರೆ ಮುಗಿಯುತ್ತಿತ್ತು. ಇನ್ನೊಂದು ಸುಳ್ಳು, ಅದಕ್ಕೆ ಅವಳ ಕಣ್ಣೀರು.

"ಇಲ್ಲಕ್ಕ. ಇರಲೇ ಇಲ್ಲ. ಅದು ಕಾಯಿಲಿ." ತಿಳಿಯುವಂತೆ ಹೇಳಲು ಯತ್ನಿಸಿದೆ. ಅವಳಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. "ಅನ್ನ ತಿಂದು..." ಎಂದು ಅವಳೇ ಶುರು ಮಾಡಿ, ಮುಗಿಸಲಿಲ್ಲ. ಕೌದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. "ನನ್ನ ಮಗಳಿಗೂ ಹೇಳಿಬಿಟ್ಟಿದ್ದೆ ನಾ" ಎಂದು ಎದ್ದು ಹೋದಳು. ಆಮೇಲೆ ಕೆಲವು ದಿನ ಕೆಲಸದ ಮಾತಲ್ಲದೆ ಬೇರೆ ಮಾತಿಲ್ಲ. ಗಿರಣಿಯಲ್ಲಿ ಅಷ್ಟೊಂದು ಸದ್ದಿದೆ ಎಂದು ನನಗೆ ಗೊತ್ತಾದದ್ದು ಅವಳ ದನಿ ಇಲ್ಲದ ಆ ದಿನಗಳಲ್ಲಿ. ನಾನು ಡಬ್ಬಿ ತೆಗೆದುಕೊಂಡು ಹೋಗಿ ಅಂಗಳದ ಬೇವಿನ ಕೆಳಗೆ, ಕಣ್ಣಿಗೆ ಜನ ಕಾಣುವ ಕಡೆ, ಒಬ್ಬಳೇ ಉಣ್ಣುತ್ತಿದ್ದೆ. ಕೈ ತೊಳೆಯುವಷ್ಟರಲ್ಲಿ ಗೆಳತಿಯ ಫೋನು ಬರುತ್ತಿತ್ತು. "ಉಂಡ್ಯಾ?" "ಉಂಡೆ." ಆಮೇಲೆ ಅವಳ ಶಾಲೆಯ ಗಂಟೆ ಬಾರಿಸುವ ತನಕ ಹುಡುಗರ ಕಥೆ, ಅತ್ತೆಯ ಕಥೆ.

ಒಂದು ಮಧ್ಯಾಹ್ನ ಅಕ್ಕ ತನ್ನ ಬುತ್ತಿ ತಂದು ನನ್ನ ಪಕ್ಕದಲ್ಲಿ ಬಿಚ್ಚಿದಳು.

"ಮಗಳ ಮುಂದ ಹೇಳಿದೆ" ಎಂದಳು. "ಇದು ಜಡ್ಡ ಐತಂತವ್ವಾ, ಫೋನಿನಾಗ ನೋಡಿದೆ ಅಂದ್ಲು. ಸುಳ್ಳು ಹೇಳಿದ್ದಕ್ಕ ನನಗ ಇನ್ನೂ ಹೊಟ್ಟಿ ಉರೀತೈತ್ರಿ. ಅದು ಅದರ ಪಾಡಿಗೆ ಇರ್ಲಿ. ನೀವು ಉಣ್ರಿ." ತನ್ನ ಬುತ್ತಿಯ ಶೇಂಗಾ ಚಟ್ನಿಯನ್ನು ನನ್ನ ಡಬ್ಬಿಯ ಮುಚ್ಚಳಕ್ಕೆ ಹಾಕಿದಳು. ಊಟವಾದ ಮೇಲೆ ಅವಳು ಎದ್ದು ಹೋಗಲಿಲ್ಲ. ಎಲೆ ಅಡಿಕೆ ಹಾಕಿಕೊಂಡು, ಊರಿನ ಪಾಲು ಹಂಚಿಕೆಯ ಜಗಳವೊಂದನ್ನು ಎಷ್ಟು ಉದ್ದಕ್ಕೆ ಹೇಳಿದಳೆಂದರೆ ನನ್ನ ಅಪಾಯದ ಹೊತ್ತು ಯಾವಾಗ ಕಳೆಯಿತೋ ತಿಳಿಯಲೇ ಇಲ್ಲ. ಕೌದಿಯನ್ನು ಮೇಸ್ತ್ರಿಯ ಮೊಮ್ಮಗಳಿಗೆ ಕೊಟ್ಟಳು.

ಅಲ್ಲಿಗೆ ಎಲ್ಲ ಸರಿಯಾಯಿತೆಂದಲ್ಲ. ಯುಗಾದಿಯ ಹೋಳಿಗೆಯ ಮುಂದೆ ಮತ್ತೆ ಜಾರಿದೆ. ಈ ಸಲ ಅದೇ ಸಂಜೆ ಗಂಡನಿಗೆ ಹೇಳಿದೆ, ರಾತ್ರಿಯ ಊಟ ಬಿಡಲಿಲ್ಲ. ಸಮಾಲೋಚಕಿಯ ಬಳಿ ಅದನ್ನೇ ಮಾತಾಡಿದೆವು. ಬೇಸಿಗೆಯಲ್ಲಿ ಒಮ್ಮೆ ಅಕ್ಕ ಒಂದು ತುತ್ತು ನನ್ನತ್ತ ಚಾಚಿ, "ಇದು ಹಳೇದಾ ಹೊಸದಾ, ನಮಗ ಜಗಳಾಗೈತಿ" ಎಂದಳು. ಮೂವರ ಎದುರಿಗೇ ಅಗಿದೆ. ನಾಲಿಗೆಗೆ ಅಂಟಿತು, ಕೊನೆಯಲ್ಲಿ ಸಣ್ಣ ಸಿಹಿ ಉಳಿಯಿತು. "ಹೊಸದು" ಎಂದೆ. ಮಾಲೀಕರು ಸೋತ ಮುಖ ಮಾಡಿದರು.

ಗೆಳತಿಯ ಫೋನು ಕ್ರಮೇಣ ದಿನ ಬಿಟ್ಟು ದಿನವಾಯಿತು, ಆಮೇಲೆ ವಾರಕ್ಕೊಮ್ಮೆ. ನಾನೇ ಸಾಕೆಂದಿದ್ದೆ. ಆದರೂ ಮಧ್ಯಾಹ್ನ ಕೈ ತೊಳೆಯುವಾಗ ಕಿವಿ ಅತ್ತ ಹೋಗುತ್ತಿತ್ತು. ಮೊನ್ನೆ ಅವಳು ಮಾಡಿದ ಕರೆ ನಮ್ಮ ಬೇವಿನ ಕೆಳಗಿನ ಮಾತಿನ ಗದ್ದಲದಲ್ಲಿ ಕೇಳಿಸಲಿಲ್ಲ. ನಾನು ತಿರುಗಿ ಮಾಡಿದಾಗ ಅವಳು ತರಗತಿಗೆ ಹೋಗಿಯಾಗಿತ್ತು. ಆ ಮಧ್ಯಾಹ್ನವಿಡೀ ಅವಳು ಬೇಕೆನಿಸಿತು. ನನ್ನನ್ನು ಕಾಯುವುದಕ್ಕಲ್ಲ. ಅವಳು ಹೇಗಿದ್ದಾಳೆ ಎಂದು ತಿಳಿಯುವುದಕ್ಕೆ. ಅವಳ ದನಿ ಈಚೆಗೆ ದಣಿದಿತ್ತು, ಅದನ್ನು ನಾನು ಕೇಳಿಯೂ ಕೇಳಿರಲಿಲ್ಲ.

ಸಂಜೆ ಬಸ್ಸಿನಿಂದ ಫೋನು ಮಾಡಿದೆ.

"ಉಂಡ್ಯಾಲೇ?" ಎಂದಳು ಎಂದಿನಂತೆ.

"ನಾ ಉಂಡೀನಿ. ನೀ?"

ಅತ್ತ ಕಡೆಯಿಂದ ಸಣ್ಣ ನಗು. "ಅತ್ತೀನ ದವಾಖಾನಿಗೆ ಕರ್ಕೊಂಡು ಹೋಗಿದ್ದೆ. ಮುಂಜಾನಿ ಚಾ ಕುಡಿದಾಕಿ ನೋಡು."

"ಅಡಿಗಿ ಏನೈತಿ ಮನ್ಯಾಗ?"

"ಬೆಳಗಿನ ರೊಟ್ಟಿ ಅದಾವ."

"ತಟ್ಟಿಗೆ ಹಾಕ್ಕೊ. ನಾ ಫೋನ್ ಇಡೂದಿಲ್ಲ."

ಅಡುಗೆಮನೆಗೆ ನಡೆದ ಸಪ್ಪಳ, ಪಾತ್ರೆಯ ಮುಚ್ಚಳ ತೆಗೆದ ಸದ್ದು, ನೆಲಕ್ಕೆ ತಟ್ಟೆ ಇಟ್ಟ ಸದ್ದು ಕೇಳಿಸಿತು. ರೊಟ್ಟಿ ಮುರಿದಳು. ಬಸ್ಸು ಬಳ್ಳಾರಿಯ ದಾರಿ ಹಿಡಿದಿತ್ತು. ನಾನು ಫೋನನ್ನು ಕಿವಿಗೊತ್ತಿಕೊಂಡು, ಅವಳು ಉಂಡು ಮುಗಿಸುವ ತನಕ ಮಾತಿಲ್ಲದೆ ಕೂತಿದ್ದೆ.